ಹುಳವಿಲ್ಲದ ಹೂಕೋಸು

ಹುಳ ಹುಡುಕುವುದೂ ಒಂದು ಕೆಲಸವೇ ಎಂದು ಯಾರಾದರೂ ಮೂಗು ಮುರಿದರೆ ಅವಳು ವಾದಕ್ಕೆ ಇಳಿಯುತ್ತಿರಲಿಲ್ಲ. "ಹೂಂ, ಅದೂ ಒಂದು ಕೆಲ್ಸ" ಎಂದು ಸುಮ್ಮನಾಗುತ್ತಿದ್ದಳು. ಊರು ಮುಗಿದು ಹೊಲ ಶುರುವಾಗುವಲ್ಲಿ ತಗಡಿನ ದೊಡ್ಡ ಶೆಡ್ಡೊಂದಿತ್ತು. ಸುತ್ತಲಿನ ಹೊಲಗಳ ಹೂಕೋಸೆಲ್ಲ ಅಲ್ಲಿಗೆ ಬಂದು, ಎಲೆ ಕತ್ತರಿಸಿಕೊಂಡು, ಮೈ ತೊಳೆದುಕೊಂಡು, ತೆಳ್ಳನೆಯ ಪ್ಲಾಸ್ಟಿಕ್ ಹೊದ್ದು ಪೇಟೆಯ ದೊಡ್ಡ ಅಂಗಡಿಗಳಿಗೆ ಹೊರಡುತ್ತಿತ್ತು. ಹೊರಡುವ ಮುಂಚೆ ಅವಳ ಮೇಜನ್ನು ದಾಟಬೇಕು. ಪ್ರತಿ ಗಾಡಿಯಿಂದ ಒಂದಷ್ಟು ಹೂ ಎತ್ತಿಕೊಂಡು, ಬಿಳಿ ದೀಪದ ಕೆಳಗೆ ಬಿಡಿಸಿ, ಉಪ್ಪುನೀರಿನಲ್ಲಿ ಅದ್ದಿ, ಸಂದುಗೊಂದಿಯಲ್ಲೆಲ್ಲ ಬೆರಳಾಡಿಸಿ ನೋಡುವುದು ಅವಳ ಪಾಲು. ಒಂದು ಹುಳ ಸಿಕ್ಕಿತೋ, ಗಾಡಿಗೆ ಗಾಡಿಯೇ ವಾಪಸ್.

ಅದಕ್ಕೇ ಶೆಡ್ಡಿನಲ್ಲಿ ಅವಳಿಗೆ ಹುಳದಕ್ಕ ಎಂದೇ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲವಾದ್ದರಿಂದ ಇದೇ ಮೈಗೆ ಅಂಟಿಕೊಂಡಿತ್ತು. ಆ ಮೇಜು ಹುಟ್ಟಿಕೊಂಡದ್ದಕ್ಕೂ ಒಂದು ಕಾರಣವಿತ್ತು. ಹಿಂದೆ ಯಾವಾಗಲೋ, ಯಾವ ಬೀದಿಯ ಯಾವ ಮನೆಯಲ್ಲೋ, ಮಗುವಿಗೆಂದು ಬೇಯಿಸಿ ಕಿವುಚಿದ ಹೂಕೋಸಿನಲ್ಲಿ ಹಸಿರು ಹುಳವೊಂದು ತಲೆ ಹಾಕಿತ್ತಂತೆ. ಆ ತಾಯಿ ಅಂಗಡಿಗೆ ಹೋಗಿ ಗಲಾಟೆ ಎಬ್ಬಿಸಿದಳಂತೆ. ಎಬ್ಬಿಸದೆ ಏನು ಮಾಡಿಯಾಳು? ಮಗುವಿನ ಬಾಯಿಗೆ ಹೋಗುವ ತುತ್ತನ್ನು ಬೆಳಕಿಗೆ ಹಿಡಿದು, ಮೂಸಿ, ತನ್ನ ನಾಲಿಗೆಗೆ ತಾಗಿಸಿ ನೋಡಿದ ಮೇಲೂ ಅನುಮಾನ ಹೋಗದ ಹೊತ್ತು ಎಲ್ಲ ತಾಯಂದಿರಿಗೂ ಇರುತ್ತದೆ. ಅಂಗಡಿಯವರು ಶೆಡ್ಡಿನವರ ಮೇಲೆ ಹಾರಿದರು, ಶೆಡ್ಡಿನವರು ಹೊಲದವರ ಮೇಲೆ ಹಾರಿದರು, ಹೊಲದವರು ಔಷಧಿ ಡಬ್ಬದ ಮುಚ್ಚಳ ತೆಗೆದರು.

ಮೊದಮೊದಲು ಹುಳಕ್ಕೇನೂ ಬರವಿರಲಿಲ್ಲ. ಸಂಜೆಯ ಹೊತ್ತಿಗೆ ಅವಳ ತಗಡಿನ ಡಬ್ಬಿ ತುಂಬಿರುತ್ತಿತ್ತು. ಅದನ್ನು ಶೆಡ್ಡಿನ ಹಿಂದಿನ ಗೋಡೆಯ ಬುಡಕ್ಕೆ ಸುರಿದರೆ ಸಾಕು, ಎಲ್ಲಿದ್ದವೋ ಏನೋ, ಮೈನಾ, ಪಿಕಳಾರ, ಬಾಲ ಕುಣಿಸುವ ಸಣ್ಣವು, ಹೆಸರು ಗೊತ್ತಿಲ್ಲದ ಬೂದುಬಣ್ಣದವು ಎಲ್ಲ ಪಂಕ್ತಿಯಲ್ಲಿ ಕೂತವರ ಹಾಗೆ ಗೋಡೆ ಹಿಡಿದು ಇಳಿಯುತ್ತಿದ್ದವು. ಪೆಟ್ಟಿಗೆಗೆ ಟೇಪು ಹಚ್ಚುವ ಹೆಂಗಸು ಒಳಗಿನಿಂದಲೇ ಕೂಗುತ್ತಿದ್ದಳು, "ಹುಳದಕ್ಕಾ, ನಿಮ್ಮ ತವರಿನೋರು ಬಂದವ್ರೆ. ಬಡಿಸಿ ಬನ್ನಿ, ಹಸ್ಕೊಂಡು ಶಾಪ ಹಾಕ್ಬಿಟ್ಟಾರು!"

ಆಮೇಲೆ ಹೊಲಗಳು ಒಂದಕ್ಕೊಂದು ಅಂಟಿಕೊಂಡವು. ನಡುವಿನ ಬದುಗಳು, ಬದುವಿನ ಮೇಲಿನ ಪೊದೆಗಳು ಟ್ರ್ಯಾಕ್ಟರಿನ ಬಾಯಿಗೆ ಹೋದವು. ಕಣ್ಣು ಹಾಯಿಸಿದಷ್ಟಕ್ಕೂ ಇಸ್ತ್ರಿ ಹಾಕಿದಂಥ ಒಂದೇ ಹಸಿರು. ವಾರಕ್ಕೊಮ್ಮೆ ಔಷಧಿಯ ಗಾಡಿ ಎರಡೂ ತೋಳು ಚಾಚಿಕೊಂಡು ಓಡಾಡಿತು. ಅವಳ ಡಬ್ಬಿಯಲ್ಲಿ ಹುಳ ಅರ್ಧಕ್ಕಿಳಿಯಿತು, ತಳಕ್ಕಿಳಿಯಿತು, ಕೊನೆಗೆ ಡಬ್ಬಿ ತೊಳೆಯುವುದೇ ಬೇಡವಾಯಿತು. ಶೆಡ್ಡಿನ ಮೇಸ್ತ್ರಿ ದಿನಾ ಸಂಜೆ ಮೇಜಿನ ಹತ್ತಿರ ಬಂದು, "ಏನಕ್ಕ, ಇವತ್ತೂ ಬೋಣಿ ಆಗ್ಲಿಲ್ವಾ?" ಎಂದು ನಗುತ್ತಿದ್ದ. ಆಗದಿದ್ದರೆ ಅವನಿಗೆ ಹಬ್ಬ. ಅವಳೂ ನಗುತ್ತಿದ್ದಳು. ಹಿಂದಿನ ಗೋಡೆಗೆ ಕೊನೆಯ ಹಕ್ಕಿ ಯಾವತ್ತು ಬಂದಿತ್ತು ಎಂದು ಒಮ್ಮೆ ನೆನಪಿಸಿಕೊಳ್ಳಲು ಹೋದಳು. ಆಗಲಿಲ್ಲ. ಬಂದದ್ದು ಗೊತ್ತಾಗುತ್ತದೆ, ಬರದೇ ಹೋದದ್ದು ಯಾರಿಗೆ ಗೊತ್ತಾಗುತ್ತದೆ?

ಅವಳ ಮನೆ ಎಂದರೆ ಮಹಡಿಯ ಮೇಲಿನ ಒಂದೇ ಕೋಣೆ. ಒಂದು ಮಂಚ, ಒಲೆ, ನೀರಿನ ಕೊಳಗ, ಕಿಟಕಿಯಾಚೆ ಆ ಇಸ್ತ್ರಿಯ ಹಸಿರು. ಹೋದದ್ದರ ಹಿಂದಿನ ಚಳಿಗಾಲದವರೆಗೆ ಅಲ್ಲಿ ಅಮ್ಮನಿದ್ದಳು. ಅಮ್ಮ ಎಂದರೆ ಬಾಯಿ. ಮಗಳು ಬಾಗಿಲು ತೆಗೆಯುವ ಮುಂಚೆಯೇ ಒಳಗಿನಿಂದ "ಬಂದ್ಯಾ? ಯಾಕೆ ತಡ? ಕಾಲು ತೊಳ್ದ್ಯಾ?" ಎಂದು ಪ್ರಶ್ನೆಗಳ ಮಳೆ ಸುರಿಯುತ್ತಿತ್ತು. ಮಗಳಿಗೆ ಮದುವೆ ಒದಗಿ ಬರಲಿಲ್ಲ ಎಂಬುದರಿಂದ ಹಿಡಿದು ನಲ್ಲಿಯ ನೀರು ಸಣ್ಣಗೆ ಬರುತ್ತದೆ ಎಂಬುದರವರೆಗೆ ಎಲ್ಲವೂ ಅವಳಿಗೆ ದೂರು. ಆಗ ತಲೆ ಚಿಟ್ಟು ಹಿಡಿಯುತ್ತಿತ್ತು. ಈಗ ಬೀಗಕ್ಕೆ ಕೀಲಿ ತಿರುವುವ ಸದ್ದು ಕೋಣೆಯ ತುಂಬ ಕೇಳುತ್ತಿತ್ತು. ಕೆಲವು ಸಂಜೆ ಅವಳೇ ಒಳಗೆ ಬಂದು, ಯಾರೂ ಕೇಳದಿದ್ದರೂ, "ಬಂದೆ" ಎನ್ನುತ್ತಿದ್ದಳು. ಅಂದ ಮೇಲೆ ನಾಚಿಕೆಯಾಗುತ್ತಿತ್ತು.

ಆ ಕೋಣೆಯ ಗೋಡೆಯಲ್ಲಿ, ಕಿಟಕಿಯ ಮೇಲೆ, ಗಾಳಿಗೆಂದು ಬಿಟ್ಟ ಒಂದು ಕಿಂಡಿ. ಅದರ ಹಲಗೆ ಮುರಿದಿತ್ತು. ಅಮ್ಮ ಹೋದ ಮೇಲಿನ ಬೇಸಿಗೆಯಲ್ಲಿ ಅಲ್ಲಿಗೆ ಒಂದು ಜೋಡಿ ಮಡಿವಾಳ ಹಕ್ಕಿ ಬಂದು ಗೂಡು ಹಾಕಿತು. ಗಂಡಿಗೆ ಕಪ್ಪು ಕೋಟು, ಬಿಳಿ ಅಂಗಿ. ಹೆಣ್ಣಿಗೆ ಹತ್ತಾರು ಸಲ ಒಗೆದು ಬಣ್ಣ ಹೋದಂಥ ಬೂದು ಕೋಟು. ನೋಡಿದ ತಕ್ಷಣ ಅವಳು ಅವಕ್ಕೆ ವಕೀಲರು ಎಂದು ಹೆಸರಿಟ್ಟಳು. ಬೆಳಗಾಗುವ ಮುಂಚೆ ಗಂಡು ವಕೀಲ ಎದುರು ಮನೆಯ ಆಂಟೆನಾ ಮೇಲೆ ಕೂತು ತನ್ನ ವಾದ ಶುರುಮಾಡಿದರೆ ಕಾಫಿ ಕುದಿಯುವವರೆಗೂ ನಿಲ್ಲಿಸುತ್ತಿರಲಿಲ್ಲ. ಹೆಣ್ಣು ಮಾತ್ರ ಬಾಯಲ್ಲಿ ನಾರು ಕಚ್ಚಿಕೊಂಡು ಓಡಾಡಿದ್ದೇ ಓಡಾಡಿದ್ದು. ಕೋಣೆಯಲ್ಲಿ ಮತ್ತೆ ಒಂದು ಸದ್ದಾಯಿತು.

ಆ ಸಲದ ಮರಿಗಳು ಬದುಕಲಿಲ್ಲ. ಒಂದೊಂದಾಗಿ ಸತ್ತವು. ಗೂಡಿನಿಂದ ತಾಯಿಯೇ ನೂಕಿದ್ದನ್ನು ಅವಳು ಕಿಟಕಿಯ ಹಲಗೆಯ ಮೇಲಿಂದ ಎತ್ತಿದಳು. ಅಂಗೈಗೆ ತೂಕವೇ ಗೊತ್ತಾಗಲಿಲ್ಲ. ಕೊಕ್ಕಿನ ಸಂದಿಯಲ್ಲಿ ಬ್ರೆಡ್ಡಿನ ಒಂದು ಚೂರು. ಅವಳಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ದೊಡ್ಡ ಹಕ್ಕಿ ಏನಾದರೂ ತಿಂದು ಬದುಕೀತು, ಆದರೆ ಮರಿಯ ಬಾಯಿಗೆ ಮೆತ್ತಗಿನ ಹುಳವೇ ಬೇಕು. ಬಸವಳಿದ ತಾಯ್ತಂದೆ ಎಲ್ಲಿಂದಲೋ ಬ್ರೆಡ್ಡಿನ ಪುಡಿ ತಂದು ತುರುಕಿದ್ದವು. ದಿನವಿಡೀ ಹುಳ ಬೇಡ, ಹುಳ ಬೇಡ ಎಂದು ಕೂರುವ ತನ್ನ ತಲೆಯ ಮೇಲೇ ಹುಳಕ್ಕಾಗಿ ಬಾಯಿ ತೆರೆದು ಸತ್ತವಲ್ಲ ಎಂದು ಅವತ್ತು ಅವಳಿಗೆ ಊಟ ಸೇರಲಿಲ್ಲ.

ಈ ಬೇಸಿಗೆ ವಕೀಲರು ಮತ್ತೆ ಬಂದರು. ಮತ್ತೆ ಮೊಟ್ಟೆ, ಮತ್ತೆ ಒಂದು ಬೆಳಿಗ್ಗೆ ಕಿಂಡಿಯಿಂದ ಸೂಜಿಯಂಥ ಚೀಂ ಚೀಂ. ಅವಳು ಸ್ಟೂಲು ಹತ್ತಿ ಇಣುಕಿದಳು. ಮೂರು ಬಾಯಿಗಳು. ಮೈಯೆಲ್ಲ ಬಾಯಿಯೇ. ಇವು ಹಾರುವುದನ್ನು ನಾನು ಈ ಕಣ್ಣಿಂದ ನೋಡಬೇಕು ಎಂದು ಅವಳು ಸ್ಟೂಲಿನ ಮೇಲೆ ನಿಂತೇ ನಿರ್ಧರಿಸಿದಳು. ಅದಕ್ಕೆ ಮುಂಚೆ ಅವಳು ತನಗೆಂದು ಯಾವುದನ್ನೂ ಅಷ್ಟು ಗಟ್ಟಿಯಾಗಿ ಬೇಕು ಅಂದುಕೊಂಡದ್ದಿಲ್ಲ.

ಬೇಕು ಎಂದರೆ ಹುಳ ಎಲ್ಲಿಂದ ಬರಬೇಕು? ಕೆಲಸ ಮುಗಿಸಿ ನೇರ ತರಕಾರಿ ಅಂಗಡಿಗೆ ಹೋದಳು.

"ಅಣ್ಣ, ಹೂಕೋಸಲ್ಲಿ ಹುಳ ಇದ್ಯಾ?"

ಅಂಗಡಿಯವನು ಎದೆ ತಟ್ಟಿಕೊಂಡ. "ಹುಳಾನಾ? ನಮ್ಮ ಅಂಗಡೀಲಾ? ಭೂತಗನ್ನಡಿ ತಂದು ನೋಡಿ ಅಮ್ಮ, ಸಿಕ್ರೆ ಮೀಸೆ ಬೋಳಿಸ್ತೀನಿ."

"ಇಲ್ಲಾಂದ್ರೆ ಬೇಡ ಬಿಡಿ. ಹುಳ ಇರೋದೇ ಬೇಕಿತ್ತು."

ಅವನು ಮುಖ ಸಿಂಡರಿಸಿದ. "ಏನು, ಗೇಲಿ ಮಾಡೋಕೆ ಬಂದ್ರಾ? ಆ ತುದಿ ಅಂಗಡಿಯೋನು ಕಳ್ಸಿದ್ನಾ? ಹೋಗಿ ಹೇಳಿ ಅವನಿಗೆ, ಹುಳ ಇರೋದು ಅವನ ತಲೇಲಿ ಅಂತ!"

ತುದಿ ಅಂಗಡಿಯವನೂ ಹೆಚ್ಚು ಕಡಿಮೆ ಇದನ್ನೇ ಹೇಳಿ ಕಳಿಸಿದ. ಮರುದಿನ ಶೆಡ್ಡಿನಲ್ಲಿ ಗಾಡಿಗಳ ಡ್ರೈವರುಗಳನ್ನು ಕೇಳಿದ್ದೇ ತಡ, ಸುದ್ದಿ ಬೆಂಕಿಯಂತೆ ಹಬ್ಬಿತು. "ಪೊಲೀಸಿನೋನು ಕಳ್ಳನ್ನ ಸಾಲ ಕೇಳಿದ ಹಾಗಾಯ್ತಲ್ಲಕ್ಕ!" ಎಂದು ಟೇಪಿನವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳೂ ಜೊತೆಗೆ ನಕ್ಕು ಮೇಜಿಗೆ ಮರಳಿದಳು. ಯಾರಿಗೂ ಮರಿಗಳ ಸಂಗತಿ ಹೇಳಲಿಲ್ಲ. ಹೇಳಿದರೆ ಅದೂ ಒಂದು ನಗೆಯಾಗಿಬಿಡುತ್ತದೇನೋ ಎಂದು ಭಯ.

ಅವತ್ತು ಮಧ್ಯಾಹ್ನವೇ ಆ ಗಾಡಿ ಬಂತು. ತಂದವಳು ಒಬ್ಬ ಹೊಲದವಳು, ತಾನೇ ಗಾಡಿ ಓಡಿಸಿಕೊಂಡು ಬಂದಿದ್ದಳು. ಹುಳದಕ್ಕ ಮೊದಲ ಹೂವಿನ ಎಲೆ ಸರಿಸಿದಳು. ಕೊರೆದ ತೂತು. ಪಕ್ಕದಲ್ಲೇ ಸಾಸಿವೆ ಕಾಳಿನಂಥ ಹಿಕ್ಕೆ. ಅದರ ಮುಂದೆ, ಎಲೆಯ ನರವನ್ನೇ ಹಾಸಿಗೆ ಮಾಡಿಕೊಂಡು, ಹಸಿರಿಗೆ ಹಸಿರಾಗಿ, ಅದು. ಬೆರಳು ತಾಗಿಸಿದಳು. ಹುಳ ಮೈ ಕೊಸರಿ, ನೂಲು ಬಿಟ್ಟುಕೊಂಡು ಕೆಳಗೆ ಜೋತಾಡಿತು. ಎರಡನೇ ಹೂವಿನಲ್ಲೂ ಇತ್ತು. ಮೂರನೆಯದರಲ್ಲಿ ಸಂಸಾರವೇ ಇತ್ತು.

ಹೊಲದವಳು ಹತ್ತಿರ ಬಂದು ದನಿ ತಗ್ಗಿಸಿದಳು. "ಗೊತ್ತಕ್ಕ. ಈ ಸಲ ಔಷಧಿ ಹೊಡೀಲಿಲ್ಲ. ಹೋದ ಸಲ ಹೊಡೆದು ಬಂದ ನಮ್ಮೋರು ಇವತ್ತಿಗೂ ಕೆಮ್ಮೋದು ನಿಲ್ಸಿಲ್ಲ. ಇನ್ನು ಅದನ್ನ ಮುಟ್ಟಲ್ಲ ಅಂತ ಕೂತಿದ್ದಾರೆ. ನನಗೂ ಮುಟ್ಟೋಕೆ ಬಿಡಲ್ಲ." ಗಾಡಿಯತ್ತ ನೋಡಿ, "ವಾಪಸ್ ಕಳಿಸ್ತೀರಾ?"

ಹುಳದಕ್ಕನಿಗೆ ಬೇಕಿದ್ದದ್ದೂ ಆ ಹುಳವೇ. ಹೊಲದವಳಿಗೆ ಅದು ಗೊತ್ತಿಲ್ಲ. "ಊಟದ ಹೊತ್ತಲ್ಲಿ ಗಾಡಿ ಹಿಂದಕ್ಕೆ ಹಾಕಿ. ಇಬ್ಬರೂ ಕೂತು ಆರಿಸೋಣ. ಒಂದೂ ಬಿಡದ ಹಾಗೆ ಆರಿಸಿದ್ರೆ ಯಾರಿಗೇನು ನಷ್ಟ?" ಎಂದಳು.

ಹಾಗೆ ಶುರುವಾಯಿತು. ದಿನಾ ಮಧ್ಯಾಹ್ನ, ಉಳಿದವರೆಲ್ಲ ಬುತ್ತಿ ಬಿಚ್ಚುವ ಹೊತ್ತಿಗೆ, ಇಬ್ಬರು ಹೆಂಗಸರು ಗಾಡಿಯ ನೆರಳಿನಲ್ಲಿ ಕೂತು ಹೂ ಹೂವನ್ನೂ ತಿರುಗಿಸಿ, ಹೇನು ಹೆಕ್ಕಿದ ಹಾಗೆ ಹುಳ ಹೆಕ್ಕಿದರು. ಹೊಲದವಳಿಗೆ ಗಾಡಿ ದಾಟಿದರೆ ಸಾಕಿತ್ತು. ಇವಳಿಗೆ ಡಬ್ಬಿ ತುಂಬಿದರೆ ಸಾಕಿತ್ತು. ಹುಳ ಯಾಕೆ ಎಂದು ಹೊಲದವಳು ಒಮ್ಮೆಯೂ ಕೇಳಲಿಲ್ಲ. ತನ್ನ ಮನೆಯ ಕೆಮ್ಮಿನ ಮಾತಲ್ಲದೆ ಬೇರೆ ಮಾತಿಗೆ ಅವಳಲ್ಲಿ ತ್ರಾಣವಿರಲಿಲ್ಲ.

ಸಂಜೆ ಹುಳದಕ್ಕ ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಿದ್ದಳು. ಕಿಂಡಿಯ ಕಟ್ಟೆಯ ಮೇಲೆ ಒಂದು ಚಪ್ಪಟೆ ತಟ್ಟೆ ಇಟ್ಟು ಹುಳ ಹರಡಿದಳು. ಮೊದಲ ದಿನ ವಕೀಲರು ಆಂಟೆನಾದಿಂದಲೇ ಕೊರಳು ಕೊಂಕಿಸಿ ನೋಡಿದರು. ಎರಡನೇ ದಿನ ಹೆಣ್ಣು ಬಂದು ಒಂದನ್ನು ಕಚ್ಚಿಕೊಂಡು ಓಡಿತು. ಆಮೇಲೆ ಇಬ್ಬರೂ ತಟ್ಟೆಯ ಪಕ್ಕವೇ ಠಿಕಾಣಿ ಹೂಡಿದರು. ಹುಳ ಕೊಕ್ಕಿಗೆ, ಕೊಕ್ಕು ಗೂಡಿಗೆ, ಒಂದೇ ನೆಗೆತ. ಹೊಲದ ಕಡೆಗೆ ಹಾರುವುದನ್ನೇ ಬಿಟ್ಟರು. ಅವಳು ಬೆಳಿಗ್ಗೆಗೆಂದು ಅರ್ಧ ಹುಳ ಎಲೆಯ ಸಮೇತ ಮುಚ್ಚಿಡುತ್ತಿದ್ದಳು. ಮರಿಗಳ ಮೈಮೇಲೆ ಗರಿಯ ಕಡ್ಡಿಗಳು ಎದ್ದವು. "ನಿಧಾನಕ್ಕೆ, ಗಂಟ್ಲಿಗೆ ಸಿಕ್ಕೊಂಡೀತು. ಯಾರೂ ಕಿತ್ಕೊಳ್ಳಲ್ಲ" ಎಂದು ಅವಳು ಕೆಳಗಿನಿಂದ ಗದರುತ್ತಿದ್ದಳು. ತನ್ನ ಬಾಯಿಂದ ಅಮ್ಮನ ದನಿ ಬಂದದ್ದು ಕೇಳಿ ಬೆಚ್ಚುತ್ತಿದ್ದಳು, ಮತ್ತೆ ಗದರುತ್ತಿದ್ದಳು.

ಕೆಳಗಿನ ಮನೆಯಲ್ಲಿ ಇದ್ದವಳು ಪುಟ್ಟಿಯ ಅಮ್ಮ. ಗಂಡನಿಗೆ ದೂರದೂರಿನ ಪಾಳಿ ಕೆಲಸ. ಪುಟ್ಟಿ ಆಗಷ್ಟೇ ಹಾಲು ಬಿಟ್ಟು ಅನ್ನ ಕಲಿಯುತ್ತಿದ್ದ ಕೂಸು. ಆ ತಾಯಿ ಚಮಚವನ್ನು ಎರಡು ಸಲ ಕುದಿಸುವವಳು, ಮಗು ಮಲಗಿದ್ದಾಗ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುವವಳು, ನೋಡಿ ಎಬ್ಬಿಸಿಬಿಟ್ಟು ತಾನೇ ಅಳುವವಳು. ತರಕಾರಿಯನ್ನು ಬೀದಿಯಲ್ಲಿ ಕೊಳ್ಳುತ್ತಿರಲಿಲ್ಲ. ಪೇಟೆಯ ದೊಡ್ಡ ಅಂಗಡಿಯಿಂದ, ಪ್ಲಾಸ್ಟಿಕ್ ಸುತ್ತಿದ್ದನ್ನೇ ತರುತ್ತಿದ್ದಳು. ಹುಳದಕ್ಕನನ್ನು ಮೆಟ್ಟಿಲಲ್ಲಿ ಕಂಡಾಗ, "ನೀವು ನೋಡಿ ಕಳ್ಸಿರ್ತೀರಲ್ಲಕ್ಕ, ನನಗೆ ಅದೇ ಧೈರ್ಯ" ಎನ್ನುತ್ತಿದ್ದಳು.

ಒಂದು ಸಂಜೆ ಅವಳು ಮಗುವನ್ನು ಸೊಂಟಕ್ಕೇರಿಸಿಕೊಂಡು, ಇನ್ನೊಂದು ಕೈಯಲ್ಲಿ ಬಟ್ಟಲು ಹಿಡಿದು ಏದುಸಿರು ಬಿಡುತ್ತ ಮೇಲೆ ಬಂದಳು. "ಅಕ್ಕ, ನೋಡಿ. ನೋಡಿ ಇದನ್ನ!"

ಬಟ್ಟಲಿನಲ್ಲಿ ಬಿಡಿಸಿದ ಹೂಕೋಸು. ಅದರ ಒಂದು ಎಸಳಿನ ಮೇಲೆ ದಷ್ಟಪುಷ್ಟವಾದ ಹಸಿರು ಹುಳ ತಲೆಯೆತ್ತಿ ಅತ್ತಿತ್ತ ನೋಡುತ್ತಿತ್ತು. ನೆರಳಲ್ಲಿ ಕೂತು ಆರಿಸುವಾಗ ಇಬ್ಬರ ಕೈಯಿಂದಲೂ ತಪ್ಪಿಸಿಕೊಂಡದ್ದು. ಹುಳದಕ್ಕ ಅದನ್ನು ಎರಡು ಬೆರಳಲ್ಲಿ ಎತ್ತಿದಳು. ಎತ್ತಿದ ಕೈ ಯೋಚನೆಗೆ ಕಾಯಲಿಲ್ಲ. ರೂಢಿಯಂತೆ ಮೇಲೆ ಹೋಗಿ ಕಿಂಡಿಯ ತಟ್ಟೆಯಲ್ಲಿ ಹುಳವನ್ನು ಬಿಟ್ಟಿತು. ಹೆಣ್ಣು ವಕೀಲ ಸರಕ್ಕನೆ ಬಂದು ಕಚ್ಚಿಕೊಂಡು ಹೋಯಿತು.

ಪುಟ್ಟಿಯ ಅಮ್ಮ ಬಾಯಿ ತೆರೆದು ನೋಡಿದಳು. ಕಿಂಡಿ, ತಟ್ಟೆ, ಮಂಚದ ಕೆಳಗಿನ ಡಬ್ಬಿ, ಡಬ್ಬಿಯಲ್ಲಿ ಹರಿದಾಡುವ ಹಸಿರು. "ಅಯ್ಯೋ, ಇಲ್ಲಿ ಸಾಕ್ತಿದ್ದೀರಾ ಇವನ್ನ? ನಮ್ಮ ತಲೆ ಮೇಲೆ?"

"ಸಾಕ್ತಿಲ್ಲಮ್ಮ. ಮರಿಗಳಿಗೆ…"

"ಮರಿ! ನನ್ನ ಮಗು ಬಾಯಿಗೆ ಹೋಗ್ತಿತ್ತಲ್ಲ ಅದು! ನಿಮ್ಮನ್ನ ನಂಬ್ಕೊಂಡು ತರ್ತೀನಲ್ಲ ನಾನು!" ಅವಳ ಕಣ್ಣಲ್ಲಿ ನೀರು ತುಂಬಿತ್ತು. "ನಾನು ಆಗ್ಲೇ ಅಂಗಡಿಗೆ ಫೋಟೋ ಕಳ್ಸಿಬಿಟ್ಟೆ. ಸುಮ್ನಿರೋಕೆ ಆಗಲ್ಲ ನನಗೆ."

ಹುಳದಕ್ಕನಿಗೆ ಹೇಳಲು ಎಷ್ಟೋ ಇತ್ತು. ಆ ಹುಳ ಎಲೆ ತಿಂದು ಬೆಳೆದದ್ದು, ಬೆಂದರೆ ಸತ್ತೀತು, ಹೊಟ್ಟೆಗೆ ಹೋದರೂ ಮಗುವಿಗೇನೂ ಆಗದು ಎಂದು. ಆದರೆ ಬಿಕ್ಕುತ್ತಿರುವ ತಾಯಿಗೆ ಅದನ್ನು ಹೇಗೆ ಹೇಳುವುದು? ತಪ್ಪಿಸಿಕೊಂಡ ಹುಳ ತಪ್ಪಿಸಿಕೊಂಡ ಹುಳವೇ. "ಸರಿ ಬಿಡಿ" ಎಂದಷ್ಟೇ ಅಂದಳು.

ಫೋಟೋ ತನ್ನ ದಾರಿ ಹಿಡಿಯಿತು. ಅಂಗಡಿಯಿಂದ ಶೆಡ್ಡಿಗೆ, ಶೆಡ್ಡಿನಿಂದ ಹೊಲಕ್ಕೆ. ಪ್ಲಾಸ್ಟಿಕ್ಕಿನ ಮೇಲಿನ ಗುರುತು ಹಿಡಿದು ಯಾವ ಗಾಡಿಯದೆಂದು ಮರುದಿನ ಬೆಳಿಗ್ಗೆಯೇ ಪತ್ತೆ ಮಾಡಿದರು. ಮೇಸ್ತ್ರಿ ಅವಳನ್ನು ಕರೆದು ಕೂರಿಸಿದ. ಅವನಿಗೆ ಸಂಶಯವೇ ಬಂದಿರಲಿಲ್ಲ, ಅದೇ ಅವಳಿಗೆ ಹೆಚ್ಚು ನೋವಾದದ್ದು. "ಬೇಜಾರು ಮಾಡ್ಕೋಬೇಡಿ ಅಕ್ಕ. ಕಣ್ಣು ಅಂದ್ಮೇಲೆ ಮಂಜಾಗುತ್ತೆ. ಮೇಲಿನೋರಿಗೂ ಹಾಗೇ ಹೇಳಿದೀನಿ. ನಾಳೆಯಿಂದ ಪೆಟ್ಟಿಗೆ ತೊಳೆಯೋ ಕಡೆ ಇರಿ. ಅಲ್ಲಿ ಯಾವ ತಲೆಬಿಸೀನೂ ಇಲ್ಲ." ಅವಳು ತಲೆಯಾಡಿಸಿದಳು. ಹೊಲದವಳ ಹೊಲಕ್ಕೆ ಶೆಡ್ಡಿನವರೇ ಔಷಧಿಯ ಗಾಡಿ ಕಳಿಸಿದರು. ಹೊಡೆಯದಿದ್ದರೆ ಇನ್ನು ಅವಳ ಹೂಕೋಸು ಬೇಡ ಎಂದರಂತೆ. ಅವತ್ತು ಮಧ್ಯಾಹ್ನ ಹೊಲದವಳು ಗಾಡಿಯಿಂದ ಇಳಿಯಲಿಲ್ಲ. ಹುಳದಕ್ಕ ಕಿಟಕಿಯ ಹತ್ತಿರ ಹೋದಾಗ ಮುಂದಿನ ಗಾಜನ್ನೇ ನೋಡುತ್ತ, "ಹೊಡೆದ್ರು ಅಕ್ಕ. ಮನೆಯೋರನ್ನ ಒಳಗೆ ಹಾಕಿ ಬಾಗ್ಲು ಹಾಕ್ಕೊಂಡ್ವಿ" ಎಂದಳು. ಅಷ್ಟೇ.

ಆ ಗಾಡಿಯ ಹೂಕೋಸಿನಲ್ಲಿ ಹುಳಗಳಿದ್ದವು. ಇನ್ನೂ ಉದುರಿರಲಿಲ್ಲ. ಯಾರೂ ಕಾಣದ ಹಾಗೆ ಅವಳು ಎಲೆಗಳ ನಡುವಿನಿಂದ ಒಂದಿಷ್ಟನ್ನು ಡಬ್ಬಿಗೆ ಹಾಕಿಕೊಂಡಳು. ಹಾಕಿಕೊಳ್ಳುವಾಗಲೇ ಬೆರಳಿಗೆ ತಿಳಿದಿತ್ತು. ಜೀವವಿರುವ ಹುಳ ಅಷ್ಟು ಸುಲಭಕ್ಕೆ ಎಲೆ ಬಿಡುವುದಿಲ್ಲ, ಕೊಸರುತ್ತದೆ, ನೂಲು ಬಿಟ್ಟು ಜೋತಾಡುತ್ತದೆ. ಇವು ಮುಟ್ಟಿದರೆ ಬಂದವು. ಮೆತ್ತಗೆ, ಒಪ್ಪಿಸಿಕೊಂಡ ಹಾಗೆ.

ದಾರಿಯುದ್ದಕ್ಕೂ ಅವಳು ಡಬ್ಬಿ ತೆರೆದು ತೆರೆದು ನೋಡಿದಳು. ಒಂದು ಹುಳ ಸ್ವಲ್ಪ ಮಿಸುಕಿತು. ಚೆನ್ನಾಗಿಯೇ ಇದೆಯಲ್ಲ ಎಂದುಕೊಂಡಳು. ಇನ್ನೊಂದು ಹೆಜ್ಜೆಗೆ, ಇಲ್ಲ ಎಂದುಕೊಂಡಳು. ಮೆಟ್ಟಿಲ ಬುಡಕ್ಕೇ ಚೀಂ ಚೀಂ ಕೇಳಿಸಿತು. ಬೆಳಿಗ್ಗೆ ತಟ್ಟೆಯಲ್ಲಿ ಉಳಿದಿದ್ದದ್ದು ಕಮ್ಮಿ. ಎಲ್ಲ ಖಾಲಿಯಾಗಿ ಎಷ್ಟು ಹೊತ್ತಾಗಿತ್ತೋ. ಕೋಣೆಗೆ ಬಂದು ನೋಡಿದರೆ ಹೆಣ್ಣು ವಕೀಲ ಖಾಲಿ ತಟ್ಟೆಯ ಅಂಚನ್ನು ಟಕ್ ಟಕ್ ಎಂದು ಕುಟ್ಟುತ್ತ ಕೂತಿದೆ. ಹೊಲದ ಕಡೆ ಹೋಗಿ ಹುಡುಕುವುದನ್ನು ಅದು ಮರೆತೇಬಿಟ್ಟಿತ್ತು. ಮರೆಸಿದವಳು ಇವಳೇ.

ಅವಳು ಡಬ್ಬಿ ಹಿಡಿದುಕೊಂಡು ಕೋಣೆಯ ನಡುವೆ ನಿಂತಳು. ಕೊಟ್ಟರೆ ಈಗಲೇ ಸುಮ್ಮನಾಗುತ್ತವೆ. ಹೊಟ್ಟೆ ತುಂಬಿದ ಸುಮ್ಮನೆಯೋ, ಇನ್ನೊಂದು ಸುಮ್ಮನೆಯೋ ಎಂದು ಯಾರು ಹೇಳಬೇಕು? ಕೈ ಎರಡು ಸಲ ಕಿಂಡಿಯತ್ತ ಹೋಯಿತು, ಎರಡು ಸಲವೂ ಹಿಂದಕ್ಕೆ ಬಂತು. ಕೊನೆಗೆ ಬಚ್ಚಲಿಗೆ ಹೋಗಿ ಡಬ್ಬಿಯನ್ನು ಕವುಚಿ ಹಾಕಿ, ಮೇಲೆ ಕೊಡದ ನೀರನ್ನೆಲ್ಲ ಸುರಿದಳು. ಆಮೇಲೆ ಕೈ ತೊಳೆದಳು. ಸಾಲದೆನಿಸಿ ಮತ್ತೆ ತೊಳೆದಳು. ಹೊರಗೆ ಮೂರು ಬಾಯಿಗಳೂ ಕೂಗುತ್ತಲೇ ಇದ್ದವು.

ಬೆಳಕಿರುವವರೆಗೂ ಅವಳು ಕೆಳಗೆ ಚರಂಡಿಯ ಅಂಚು, ಖಾಲಿ ಸೈಟಿನ ಕಲ್ಲುಗಳ ಅಡಿ, ಕೊಳೆತ ಹಲಗೆಗಳ ಅಡಿ ಎಲ್ಲ ಕೆದಕಿದಳು. ಒಂದು ಜಿರಳೆ, ಎರಡು ಇರುವೆಗೂಡು. ಜಿರಳೆ ತಪ್ಪಿಸಿಕೊಂಡಿತು. ಪುಟ್ಟಿಯ ಅಮ್ಮ ಮಗುವನ್ನು ತಟ್ಟುತ್ತ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಏನು ಬಿದ್ದುಹೋಯ್ತಕ್ಕ?"

"ಏನಿಲ್ಲ. ಹುಳ ಹುಡುಕ್ತಿದೀನಿ."

ಮೇಲಿನಿಂದ ಕೂಗು ಇಬ್ಬರಿಗೂ ಕೇಳುತ್ತಿತ್ತು. "ನನ್ನಿಂದಾನಾ ಅಕ್ಕ?" ಎಂದಳು ಆಕೆ.

ಅಲ್ಲ ಎನ್ನಬೇಕಿತ್ತು. ಹುಳದಕ್ಕನಿಗೆ ಆ ಹೊತ್ತಿಗೆ ಅಷ್ಟು ದೊಡ್ಡ ಮನಸ್ಸು ಬರಲಿಲ್ಲ. ಹೌದು ಎನ್ನಲೂ ಬಾಯಿ ಬರಲಿಲ್ಲ. ಕಲ್ಲು ಎತ್ತಿದಳು, ಇಳಿಸಿದಳು.

"ನಮ್ಮ ಹೂವಿನ ಕುಂಡದ ಅಡಿ ಎರೆಹುಳ ಇರುತ್ತೆ" ಎಂದಳು ಪುಟ್ಟಿಯ ಅಮ್ಮ, ಮುಖ ಆ ಕಡೆ ಮಾಡಿಕೊಂಡು. "ನಾನು ಮುಟ್ಟಲ್ಲಪ್ಪ. ನೋಡೋದೂ ಇಲ್ಲ. ನೀವೇ ತಕ್ಕೊಳ್ಳಿ. ಕುಂಡ ಒಡೆದ್ರೂ ಪರವಾಗಿಲ್ಲ."

ಕುಂಡಗಳು ಇದ್ದದ್ದು ಕೆಲವೇ. ಎರೆಹುಳಗಳನ್ನು ತುಂಡು ಮಾಡಿ ತಟ್ಟೆಗೆ ಹಾಕಿದಳು. ಮಾರನೆಯ ದಿನ ಗಂಡು ವಕೀಲ ಹಾಡುವುದನ್ನು ಬಿಟ್ಟು ದೂರ ಹಾರತೊಡಗಿತು, ಬಹಳ ಹೊತ್ತಿಗೊಮ್ಮೆ ಏನಾದರೊಂದು ಕಚ್ಚಿಕೊಂಡು ಬಂತು. ಇದ್ದದ್ದು ಮೂವರಿಗೆ ಸಾಲಲಿಲ್ಲ. ಗಟ್ಟಿಯಾಗಿ ಕೂಗಿದವನ ಬಾಯಿಗೇ ತುತ್ತು. ಮೊದಲು ಒಂದರ ಕೂಗು ನಿಂತಿತು. ಅದಾದ ಮೇಲೆ ಇನ್ನೊಂದರದು. ಅವುಗಳನ್ನು ಅವಳು ಕುಂಡದ ಮಣ್ಣಿನಲ್ಲೇ ಇಟ್ಟಳು. ಉಳಿದದ್ದು ಒಂದು, ಎಲ್ಲಕ್ಕಿಂತ ಜಗಳಗಂಟಿ. ಗರಿ ಬಿಚ್ಚಿ, ಕಿಂಡಿಯ ಅಂಚಿಗೆ ಬಂದು, ಕೆಳಗಿನ ಮಂಚವನ್ನೂ ಮಂಚದ ಮೇಲಿನ ಇವಳನ್ನೂ ಒಂದೇ ತಿರಸ್ಕಾರದಿಂದ ನೋಡುತ್ತಿತ್ತು. "ನಾಳೆ ರಜಾ ಕೇಳ್ತೀನಿ ಕಣೋ. ಅವಸರ ಮಾಡ್ಬೇಡ" ಎಂದು ಅವಳು ಅದಕ್ಕೆ ಹೇಳಿದಳು.

ರಜೆ ಸಿಗಲಿಲ್ಲ. ಪೆಟ್ಟಿಗೆ ತೊಳೆಯುವ ಕಡೆ ಜನ ಕಮ್ಮಿ. ಅವಳು ನೀಲಿ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಕವುಚುತ್ತ, ಪೈಪಿನ ನೀರು ಸೆರಗನ್ನೆಲ್ಲ ನೆನೆಸಿದ್ದೂ ತಿಳಿಯದೆ, ಸಂಜೆಗಾಗಿ ಕಾದಳು.

ಮನೆ ತಲುಪುವಾಗ ಪುಟ್ಟಿಯ ಅಮ್ಮ ಗೇಟಿನಲ್ಲೇ ನಿಂತಿದ್ದಳು. ಮುಖ ಅರಳಿತ್ತು. "ಅಕ್ಕಾ, ಎಷ್ಟು ಹೊತ್ತು ಮಾಡಿದ್ರಿ! ಹಾರ್ತು! ಮಧ್ಯಾಹ್ನ ಪುಟ್ಟಿಗೆ ಉಣ್ಣಿಸ್ತಿದ್ದೆ, ದಬ್ ಅಂತ ಏನೋ ಬಿತ್ತು. ನೋಡಿದ್ರೆ ನಮ್ಮ ಬಟ್ಟೆ ಹಗ್ಗದ ಮೇಲೆ ಕೂತಿದೆ, ನಿಮ್ಮ ಮರಿ!"

"ಯಾವ ಹಗ್ಗ?" ಎಂದಳು ಹುಳದಕ್ಕ.

"ಅದೇ, ಆ ಕಡೇದು. ಪುಟ್ಟಿ ಲಂಗ ಇತ್ತಲ್ಲ, ಅದರ ಪಕ್ಕ."

"ಬಿದ್ದಾಗ ಪೆಟ್ಟಾಯ್ತಾ?"

"ಇಲ್ಲಪ್ಪ. ಸ್ವಲ್ಪ ತೂರಾಡ್ತು. ಆಮೇಲೆ ಸರಿ ಕೂತ್ಕೊಂಡ್ತು."

"ತಾಯಿ ಬಂತಾ? ಕೊಟ್ಟಿತಾ ಏನಾದ್ರೂ?"

"ಬಂತು ಅನ್ಸುತ್ತೆ. ಬೂದು ಬಣ್ಣದ್ದು ತಾನೇ? ಬಂತು. ಕೊಟ್ಟಿದ್ದು ನೋಡ್ಲಿಲ್ಲ ಅಕ್ಕ, ಪುಟ್ಟಿ ಬಟ್ಟಲು ಬೀಳಿಸಿಬಿಟ್ಳು."

"ಎಷ್ಟು ಹೊತ್ತಿತ್ತು? ಕೂಗ್ತಾ? ಮೇಲೆ ನೋಡ್ತಾ, ಕಿಂಡಿ ಕಡೆ?"

ಆಕೆ ಹುಬ್ಬು ಗಂಟಿಕ್ಕಿ ನೆನಪಿಸಿಕೊಳ್ಳಲು ನೋಡಿದಳು. ಪಾಪ, ಸುಳ್ಳು ಹೇಳಲೂ ಬಾರದವಳು. "ನಾನು ಅಷ್ಟು ಗಮನಿಸ್ಲಿಲ್ಲ ಅಕ್ಕ. ಪುಟ್ಟಿ ಕೈ ತಟ್ಟಿದ್ಳು, ಅದಕ್ಕೆ ಹೆದರ್ಕೊಂಡು ಎದ್ದುಬಿಡ್ತು. ಆ ಕಡೆ ಹೋಯ್ತು" ಎಂದು ಕೈ ತೋರಿದಳು.

ಕೈ ತೋರಿದ ಕಡೆ ಹೊಲಗಳಿದ್ದವು. ಮಡಿಕೆಯಿಲ್ಲದ ಹಸಿರು ದಿಗಂತದವರೆಗೆ ಹಾಸಿತ್ತು. ಅದರ ನಡುವೆ ಎಲ್ಲೋ ಔಷಧಿಯ ಗಾಡಿ ಸಣ್ಣಗೆ ಗುಂಯ್‌ಗುಡುತ್ತಿತ್ತು. ಹುಳದಕ್ಕ ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. ಸಾಸಿವೆಯಷ್ಟಿದ್ದರೂ ಕಂಡುಹಿಡಿಯುವ ಕಣ್ಣು ಅದು, ಮೇಸ್ತ್ರಿ ಏನೇ ಹೇಳಿರಲಿ. ಹಸಿರಿನ ಮೇಲೆ ಏನೂ ಕದಲಲಿಲ್ಲ.

ಒಳಗೆ ಪುಟ್ಟಿ ಅಳತೊಡಗಿತು. "ಬರ್ತೀನಿ ಅಕ್ಕ, ನಿದ್ದೆ ಹೊತ್ತು ಅವಳಿಗೆ" ಎಂದು ತಾಯಿ ಓಡಿದಳು.

ಹುಳದಕ್ಕನಿಗೆ ಇನ್ನೂ ಏನೋ ಕೇಳುವುದಿತ್ತು. ಹಗ್ಗದ ಹತ್ತಿರ ಹೋದಳು. ಪುಟ್ಟಿಯ ಲಂಗದ ಪಕ್ಕ, ಕ್ಲಿಪ್ಪುಗಳ ನಡುವೆ, ಹಗ್ಗ ಖಾಲಿಯಿತ್ತು. ಇಲ್ಲೇ ಇರಬೇಕು ಎಂದುಕೊಂಡು ಅಲ್ಲಿ ಎರಡು ಬೆರಳಿಟ್ಟಳು. ಹಗ್ಗ ಬಿಸಿಲಿಗೆ ಕಾದು ಬೆಚ್ಚಗಿತ್ತು, ಉದ್ದಕ್ಕೂ ಎಲ್ಲ ಕಡೆ ಒಂದೇ ಸಮ.